ದತ್ತು ಮಗಳ ಹಾಜರಾತಿ

ಹತ್ತನೇ ತರಗತಿಯ ಪಾಲಕರ ಸಭೆಯಲ್ಲಿ ಮುನಿಯಕ್ಕನಿಗೆ ಕುರ್ಚಿ ಇರಲಿಲ್ಲ. ಅಷ್ಟೂ ಕುರ್ಚಿಗಳನ್ನು ಕೆಳಗಿನ ಕೋಣೆಯಿಂದ ಹೊತ್ತು ತಂದು ಸಾಲಾಗಿ ಹಾಕಿದವಳು ಅವಳೇ. ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಒರೆಸಿದವಳೂ ಅವಳೇ. ಸಭೆ ಶುರುವಾದ ಮೇಲೆ ಬಾಗಿಲ ಹೊರಗೆ ಕಾಫಿ ಕ್ಯಾನಿನ ಪಕ್ಕ ನಿಂತಳು.

ಒಳಗೆ ಹೆಡ್‌ಮಾಸ್ಟರ್ ರಾಮಾನುಜ ಮಾತಾಡುತ್ತಿದ್ದರು. ಒಳ್ಳೆಯ ಗಂಟಲು ಅವರದು, ಮೈಕು ಬೇಡ.

"ಇದು ನಿಮ್ಮ ಮಕ್ಕಳ ಪಾಲಿಗೆ ಮುಖ್ಯವಾದ ವರ್ಷ. ನೀವು ಹೆದರಬೇಡಿ. ಮಕ್ಕಳನ್ನೂ ಹೆದರಿಸಬೇಡಿ. ಶಾಲೆ ನಿಮ್ಮ ಬೆನ್ನಿಗಿದೆ. ಈ ವರ್ಷದಿಂದ ನಮ್ಮ ಒಬ್ಬೊಬ್ಬ ಮೇಷ್ಟರೂ ಐದೈದು ಮಕ್ಕಳನ್ನ ದತ್ತು ತಗೋತಾರೆ. ಹೆತ್ತ ಮಕ್ಕಳ ಹಾಗೆ ನೋಡ್ಕೋತಾರೆ."

ಪಾಲಕರು ಚಪ್ಪಾಳೆ ತಟ್ಟಿದರು. ಮುನಿಯಕ್ಕನೂ ಕ್ಯಾನನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಅವಳ ಮಗಳು ಸೌಂದರ್ಯಾ ಕೂಡ ಅದೇ ಹತ್ತನೇ ಕ್ಲಾಸು, ಬಿ ಸೆಕ್ಷನ್ನು. ಹಾಗಾದರೆ ಮುನಿಯಕ್ಕನೂ ಪಾಲಕಳೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಯಾರೂ ಕೇಳಲಿಲ್ಲ. ಅವಳು ಆ ಶಾಲೆಯ ಆಯಾ. ದಿನಗೂಲಿ. ಕಾಫಿ ಕೊಡುವವಳು ಕಾಫಿ ಕೊಡಬೇಕು, ಅಷ್ಟೆ.

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಕಲ್ಲಿನ ಕಟ್ಟಡ, ಮುಂದೆ ಎರಡು ಹೊಂಗೆ ಮರ. ಒಳ್ಳೆಯ ಹೆಸರಿನ ಶಾಲೆ. ಬಸವನಗುಡಿ, ಎನ್.ಆರ್. ಕಾಲೋನಿಯಿಂದಲೂ ಮಕ್ಕಳು ಬರುತ್ತಿದ್ದರು. ಮುನಿಯಕ್ಕ ಬರುತ್ತಿದ್ದುದು ಕಲಾಸಿಪಾಳ್ಯದ ತರಕಾರಿ ಮಂಡಿಗಳ ಹಿಂದಿನ ಶೀಟಿನ ಮನೆಯಿಂದ. ಗಂಡ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಎದೆಬೇನೆಯಿಂದ ರಕ್ತ ಕಾರಿಕೊಂಡು ಸತ್ತುಹೋದ. ಆಮೇಲೆ ಅವಳಿಗೆ ಉಳಿದದ್ದು ಪೊರಕೆ, ಫಿನಾಯಿಲ್ ಡಬ್ಬ, ಮತ್ತು ಓದಿನಲ್ಲಿ ಚುರುಕಾಗಿದ್ದ ಒಬ್ಬಳೇ ಮಗಳು. ಹತ್ತು ಪಾಸಾಗಿ, ಪಿಯುಸಿ ಮುಗಿಸಿ, ಟಿಸಿಎಚ್ ಮಾಡಿ ಮೇಡಂ ಆಗುತ್ತೇನೆ ಎಂದು ಹುಡುಗಿ ಹೇಳುತ್ತಿದ್ದಳು. ಮುನಿಯಕ್ಕನಿಗೆ ಟಿಸಿಎಚ್ ಎಂದರೆ ಏನೆಂದು ಗೊತ್ತಿರಲಿಲ್ಲ. ಮೇಡಂ ಎಂದರೆ ಗೊತ್ತಿತ್ತು. ಮೇಡಂ ಆದವರು ಕುರ್ಚಿಯ ಮೇಲೆ ಕೂರುತ್ತಾರೆ.

ಸೌಂದರ್ಯಾಳನ್ನು ದತ್ತು ತೆಗೆದುಕೊಂಡವರು ಚೂಡಾಮಣಿ ಮಿಸ್. ಗಣಿತದವರು, ಬಿ ಸೆಕ್ಷನ್ನಿಗೆ ಕ್ಲಾಸ್ ಟೀಚರ್ ಕೂಡ. ಅಂದು ಸಂಜೆ ಮುನಿಯಕ್ಕ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೈಮುಗಿದಳು.

"ನಿಮ್ ಮಡ್ಲಿಗೆ ಹಾಕಿದೀನಿ ಮಿಸ್. ಒಂದು ದಡ ಮುಟ್ಸಿಬುಡಿ."

"ಅಯ್ಯೋ, ನನ್ ಮಗಳ ಹಾಗೇ ಕಣೇ ಮುನಿಯಕ್ಕ. ನೀನು ನಿಶ್ಚಿಂತೆಯಿಂದಿರು" ಎಂದರು ಚೂಡಾಮಣಿ ಮಿಸ್.

ದತ್ತು ತೆಗೆದುಕೊಂಡ ಮಿಕ್ಕ ನಾಲ್ಕು ಮಕ್ಕಳ ಮನೆಗೆ ಮಿಸ್ ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುತ್ತಿದ್ದರು. ಮಧ್ಯಾಹ್ನ ಪಕ್ಕ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಆ ಹೊತ್ತಿನಲ್ಲಿ ಸೌಂದರ್ಯಾ ಮಿಸ್ಸಿನ ಊಟದ ಡಬ್ಬಿ ತೊಳೆಯುತ್ತಿದ್ದಳು. ಮಗಳು ತಾನೆ? ಮಗಳಾದವಳು ಡಬ್ಬಿ ತೊಳೆಯಬಾರದೆ? ಮೊದಲು ಒಬ್ಬರದು. ಆಮೇಲೆ ಸ್ಟಾಫ್ ರೂಮಿನವರೆಲ್ಲರದು. ಕೊಟ್ಟವರು ನಗುತ್ತಲೇ ಕೊಡುತ್ತಿದ್ದರು. 'ಪುಟ್ಟಿ', 'ಬಂಗಾರಿ' ಎನ್ನುತ್ತಿದ್ದರು. ಬಾಯಲ್ಲಿ ಬೆಲ್ಲ ಇದ್ದರೆ ಕೆಲಸ ಸಲೀಸು.

ದೀಪಾವಳಿ ಕಳೆದ ಮೇಲೆ ಸಂಪಿನ ಮೋಟರು ಸುಟ್ಟುಹೋಯಿತು. ಬೇಸಿಗೆ ರಜೆಯಲ್ಲಿ ರಿಪೇರಿ ಮಾಡಿಸೋಣ ಎಂದರು ಕಮಿಟಿಯವರು. ಮೇಲಿನ ಮಹಡಿಯಲ್ಲಿ ಹುಡುಗಿಯರ ಕಕ್ಕಸುಗಳು, ಕುಡಿಯುವ ನೀರಿನ ಡ್ರಮ್ಮು, ಸ್ಟಾಫ್ ರೂಮು. ಎಲ್ಲದಕ್ಕೂ ನೀರು ಸಂಪಿನಿಂದ ಸೇದಿ ಮೆಟ್ಟಿಲು ಹತ್ತಿಸಬೇಕು. ಮುನಿಯಕ್ಕ ಹತ್ತಿಸಿದಳು. ಒಂದು ಕೊಡ ಸೊಂಟಕ್ಕೆ, ಒಂದು ಬಕೆಟ್ಟು ಕೈಗೆ. ಒಂದು ವಾರ ಕಳೆಯುವುದರೊಳಗೆ ಬಲ ಹೆಗಲು ಹಿಡಿದುಕೊಂಡಿತು. ತಲೆ ಬಾಚಲು ಕೈ ಎತ್ತಲಾಗಲಿಲ್ಲ. ಕಾಲ್ಬೆರಳ ಸಂದಿಗಳು ನೀರಿಗೆ ನೆಂದು, ಫಿನಾಯಿಲಿಗೆ ಬೆಂದು, ಬಿಳಿಚಿಕೊಂಡು ಹುಣ್ಣಾದವು. ಒಂದು ದಿನ ಮೆಟ್ಟಿಲ ಮೇಲೆ ಕೊಡ ಜಾರಿ ಉರುಳಿತು. ಕೆಳಗೆ ಹೆಡ್‌ಮಾಸ್ಟರ ಪಂಚೆಯಂಚು ನೆನೆಯಿತು.

"ಏನಮ್ಮಾ ಮುನಿಯಕ್ಕ, ಕೈಲಾಗದಿದ್ರೆ ಹೇಳು. ಬೇರೆಯವರನ್ನ ನೋಡೋಣ" ಎಂದರು.

"ಹಂಗನ್ಬೇಡಿ ಸಾ. ಹೆಗಲು ನೋವು, ಅಷ್ಟೇಯ."

"ಸೌಂದರ್ಯಾ ಇದಾಳಲ್ಲ? ಸ್ವಲ್ಪ ಕೈಜೋಡಿಸಕ್ಕೆ ಹೇಳು. ತಾಯಿಗೆ ಸಹಾಯ ಮಾಡೋದೂ ಒಂದು ವಿದ್ಯೆಯೇ."

ಮುನಿಯಕ್ಕ ಒಪ್ಪಿದಳು. ಇಲ್ಲಿ ಅವಳು ತಪ್ಪಿದಳು. ಅವಳ ತಪ್ಪು ಯಾವುದೆಂದರೆ, ಶಾಲೆಯ ಒಳಗೆ ಇರುವುದೇ ಶಾಲೆಗೆ ಹೋಗುವುದು ಎಂದುಕೊಂಡಳು. ತಾನು ಒಂದು ದಿನವೂ ಶಾಲೆಯ ಬೆಂಚಿನ ಮೇಲೆ ಕೂತವಳಲ್ಲ. ಮಗಳು ಮಂಡಿಯಲ್ಲಿ ಈರುಳ್ಳಿ ಸಿಪ್ಪೆ ಬಿಡಿಸುತ್ತಿಲ್ಲ, ಯಾರದೋ ಮನೆಯಲ್ಲಿ ಪಾತ್ರೆ ಉಜ್ಜುತ್ತಿಲ್ಲ, ಯೂನಿಫಾರ್ಮ್ ಹಾಕಿಕೊಂಡು ಇಸ್ಕೂಲೊಳಗೇ ಇದ್ದಾಳೆ. ಮೇಷ್ಟರುಗಳ ಕಣ್ಣ ಮುಂದೆಯೇ ಇದ್ದಾಳೆ. ದತ್ತು ತೆಗೆದುಕೊಂಡ ಮಿಸ್ ಇದ್ದಾರೆ. ಇನ್ನೇನು ಬೇಕು ಎಂದು ಅವಳು ನಂಬಿದಳು.

ಬೆಳಗಿನ ಮೊದಲ ಪೀರಿಯಡ್ಡು ಗಣಿತ. ಅದು ಹಾಜರಿ ಕರೆಯುವ ಹೊತ್ತು. ಆ ಹೊತ್ತಿಗೆ ಸೌಂದರ್ಯಾ ಕೊಡ ಹೊತ್ತು ಮೆಟ್ಟಿಲ ಮೇಲಿರುತ್ತಿದ್ದಳು. ಚೂಡಾಮಣಿ ಮಿಸ್ ಅವಳನ್ನು ದಾಟಿಕೊಂಡೇ ಹೋಗಬೇಕು. ಸೀರೆ ನೆನೆಯದಂತೆ ನೆರಿಗೆ ಎತ್ತಿ ಹಿಡಿದು, "ಬೇಗ ಮುಗಿಸು ಪುಟ್ಟಿ" ಎಂದು ಹೇಳಿ ಕ್ಲಾಸಿಗೆ ಹೋಗಿ, ಸೌಂದರ್ಯಾ ಗೈರುಹಾಜರು ಎಂದು ಬರೆದುಕೊಳ್ಳುತ್ತಿದ್ದರು. ದಿನಾ ಹೀಗೇ. 

ಹುಡುಗಿ ಬಾಯಿಬಿಟ್ಟು ಹೇಳಿದ್ದು ಒಂದೇ ಸಲ.

"ಅಮ್ಮ, ಲೆಕ್ಕ ಎಲ್ಲಾ ಮುಂದಕ್ಕೆ ಹೋಗ್ಬಿಡ್ತು. ನಂಗೇನೂ ಗೊತ್ತಾಗ್ತಿಲ್ಲ."

"ನಿಮ್ ಮಿಸ್ಸು ಹೇಳ್ಕೊಡ್ತಾರೆ ಬಿಡವ್ವ. ದತ್ತು ಮಗಳಲ್ವಾ ನೀನು?"

ಹುಡುಗಿ ಎಣ್ಣೆಯ ಬಟ್ಟಲು ಹತ್ತಿರ ಎಳೆದುಕೊಂಡಳು. ಅಮ್ಮನ ಹೆಗಲಿಗೆ ಬೇವಿನೆಣ್ಣೆ ತಿಕ್ಕಿದಳು.

ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆಯಾಯಿತು. ಸೌಂದರ್ಯಾ ಕನ್ನಡದಲ್ಲಿ ಇಡೀ ಸೆಕ್ಷನ್ನಿಗೆ ಎರಡನೆಯವಳು. ಗಣಿತ, ವಿಜ್ಞಾನ ಎರಡರಲ್ಲೂ ಫೇಲು. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಹೆಡ್‌ಮಾಸ್ಟರು ಮುನಿಯಕ್ಕನನ್ನು ಕೋಣೆಗೆ ಕರೆಸಿದರು. ಚೂಡಾಮಣಿ ಮಿಸ್ ಪಕ್ಕದಲ್ಲಿ ಕೂತಿದ್ದರು.

"ನೋಡಮ್ಮ, ಇದು ನಿನ್ನ ಮಗಳ ಒಳ್ಳೇದಕ್ಕೇ ಹೇಳ್ತಿರೋದು" ಎಂದು ಶುರುಮಾಡಿದರು ರಾಮಾನುಜ.

ಬಡವರಿಗೆ ಯಾರಾದರೂ ನಿನ್ನ ಒಳ್ಳೆಯದಕ್ಕೇ ಎಂದರೆ ಕುತ್ತಿಗೆ ಮುಟ್ಟಿ ನೋಡಿಕೊಳ್ಳಬೇಕು. ಮುನಿಯಕ್ಕ ಮುಟ್ಟಿ ನೋಡಿಕೊಳ್ಳಲಿಲ್ಲ. ಕೈಕಟ್ಟಿ ನಿಂತಳು.

"ಈ ವರ್ಷ ಸೌಂದರ್ಯಾ ಪರೀಕ್ಷೆಗೆ ಕೂರೋದು ಬೇಡ. ಹಾಜರಾತಿ ಸಾಲದು. ಬೋರ್ಡಿನ ರೂಲು. ಹಾಲ್ ಟಿಕೆಟ್ ಕೊಡಕ್ಕೆ ಬರೋದಿಲ್ಲ. ಮುಂದಿನ ವರ್ಷ ಖಾಸಗಿಯಾಗಿ ಹೊರಗಿನಿಂದ ಕಟ್ಲಿ."

ಮುನಿಯಕ್ಕನಿಗೆ ಅರ್ಥವಾಗಲಿಲ್ಲ.

"ದಿನಾ ಬಂದವ್ಳಲ್ಲ ಸಾ. ನನ್ ಜೊತೆಗೇ ಬತ್ತಾಳೆ, ನನ್ ಜೊತೆಗೇ ಓಯ್ತಾಳೆ. ಒಂದಿನಾನೂ ತಪ್ಸಿಲ್ಲ. ಜರ ಬಂದಾಗ್ಲೂ ಬಂದವ್ಳೆ."

"ಶಾಲೆಗೆ ಬಂದಿದಾಳೆ. ಕ್ಲಾಸಿಗೆ ಬಂದಿಲ್ಲ" ಎಂದರು ಮಿಸ್.

"ನೀರ್ ಹೊರ್ತಿದ್ಲು ಮಿಸ್. ನೀವೇ ನೋಡಿದೀರಲ್ಲ? ಸಾ ಅವ್ರೇ ಹೇಳಿದ್ರು…"

"ಸ್ವಲ್ಪ ಕೈಜೋಡಿಸು ಅಂದೆ. ಕ್ಲಾಸು ಬಿಡು ಅಂದ್ನೇ?" ರಾಮಾನುಜರ ದನಿ ಏರಿತು. ಆಮೇಲೆ ತಾವೇ ಇಳಿಸಿಕೊಂಡರು. "ನಿನಗೆ ಮೋಸ ಮಾಡಲ್ಲಮ್ಮ ನಾವು. ಹುಡುಗಿ ಕೆಲಸದಲ್ಲಿ ಚೂಟಿ. ಜೂನಿನಿಂದ ನಿನ್ನ ಜೊತೆ ಇಲ್ಲೇ ಹಾಕ್ಕೊಳ್ಳೋಣ. ನಿನಗೂ ವಯಸ್ಸಾಯ್ತು. ನಿನ್ನ ಜಾಗ ನಿನ್ನ ಮಗಳಿಗೇ ಇರಲಿ."

 ತನ್ನ ಜಾಗ! ಕಕ್ಕಸಿನ ಬಾಗಿಲು, ಫಿನಾಯಿಲ್ ಡಬ್ಬ, ಮೆಟ್ಟಿಲ ಕೆಳಗಿನ ಗೂಡು. ಅದನ್ನು ಆಸ್ತಿ ಬರೆದುಕೊಡುವವರಂತೆ ಮಗಳಿಗೆ ಬರೆದುಕೊಡುತ್ತಿದ್ದಾರೆ. ಮುನಿಯಕ್ಕ ಹೊರಗೆ ಬಂದಳು. ಮೆಟ್ಟಿಲ ಕೆಳಗೆ ಕೂತು ಅತ್ತಳು.

ಅಲ್ಲಿಗೆ ಬಂದವನು ಜವಾನ ಮರಿಯಣ್ಣ. ಬೀಡಿ ಹಚ್ಚಿಕೊಳ್ಳಲು ಅದೇ ಜಾಗಕ್ಕೆ ಬರುತ್ತಿದ್ದ.

"ರೂಲೂ ಇಲ್ಲ ಗೀಲೂ ಇಲ್ಲ ಕಣಕ್ಕ" ಎಂದ. "ನಮ್ಮ ಇಸ್ಕೂಲ್ದು ಐದು ವರ್ಷದಿಂದ ನೂರಕ್ಕೆ ನೂರು ರಿಸಲ್ಟು. ಒಬ್ಳು ಫೇಲಾದ್ರೆ ಅದು ಹಾಳಾಯ್ತದೆ. ಪ್ರಿಪರೇಟರೀಲಿ ಫೇಲಾದೋರ್ನ ಪ್ರತಿ ವರ್ಷ ಹಿಂಗೇ ಹೊರಗೆ ಹಾಕ್ತಾರೆ. ಮಿಕ್ಕ ಹುಡುಗ್ರ ಅಪ್ಪಂದ್ರು ಬಂದು ಜಗಳ ಆಡ್ತಾರೆ, ಅವ್ರನ್ನ ಉಳಿಸ್ಕೊಂಡು ಪಾಠ ಹೇಳಿ ತಳ್ಳಿಬಿಡ್ತಾರೆ. ಕೇಳೋರಿಲ್ದೋರು ಹೋಯ್ತಾರೆ. ನಿನ್ ಮಗಳ ಹಾಲ್ ಟಿಕೆಟ್ಟು ಬಂದು ಕೂತದೆ. ನಾನೇ ಅಂಚೆ ಒಡೆದು ಟೇಬಲ್ ಮೇಲೆ ಇಟ್ಟಿದ್ದು."

"ಬಂದದಾ?" ಎಂದಳು ಮುನಿಯಕ್ಕ.

"ಬಂದದೆ. ನಾ ಹೇಳ್ದೆ ಅಂತ ಹೇಳ್ಬೇಡ. ನಂಗೂ ಹೆಂಡ್ತಿ ಮಕ್ಕಳವ್ರೆ."

ಮುನಿಯಕ್ಕ ಕಣ್ಣು ಒರೆಸಿಕೊಂಡಳು. ಅಳು ನಿಂತಿತು.  ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರ ಹತ್ತಿರ ಹೇಳಿಕೊಳ್ಳುವುದು? ಮರುದಿನ ಹೆಡ್‌ಮಾಸ್ಟರ ಕಾಲು ಹಿಡಿದಳು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅದರ ಮರುದಿನ ಚೂಡಾಮಣಿ ಮಿಸ್ಸಿನ ಎದುರು ಸೆರಗೊಡ್ಡಿದಳು. "ನನ್ ಕೈಲೇನಿದೆ ಮುನಿಯಕ್ಕ" ಎಂದು ಮಿಸ್ ಕೈ ತೋರಿಸಿದರು. ಬಳೆ ಇದ್ದವು.

ಪರೀಕ್ಷೆಗೆ ಮುಂಚಿನ ಶನಿವಾರ ಪಾದಪೂಜೆ. ಅದು ಆ ಶಾಲೆಯ ದೊಡ್ಡ ಹೆಮ್ಮೆ. ಹತ್ತನೇ ಕ್ಲಾಸಿನ ಮಕ್ಕಳು ತಂದೆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ನಮಸ್ಕಾರ ಮಾಡಬೇಕು. ಆಮೇಲೆ ಸರಸ್ವತಿ ಫೋಟೋದ ಮುಂದೆ ಇಟ್ಟ ಹಾಲ್ ಟಿಕೆಟ್ಟನ್ನು ಹೆಡ್‌ಮಾಸ್ಟರ ಕೈಯಿಂದ ತೆಗೆದುಕೊಳ್ಳಬೇಕು. ಆ ಸಲ ಶಿಕ್ಷಣಾಧಿಕಾರಿ ನರಸಿಂಹಯ್ಯ ಮುಖ್ಯ ಅತಿಥಿ. ಕೇರಿಯಿಂದ ಓದಿ ಮೇಲೆ ಬಂದವರು ಎಂದು ಮರಿಯಣ್ಣ ಹೇಳಿದ್ದ.

ತಾಯಿ ಮಗಳು ಇಬ್ಬರೂ ಬೆಳಗಿನಿಂದ ನೀರು ಹತ್ತಿಸಿದರು. ಒಂದೊಂದು ಕುರ್ಚಿಯ ಮುಂದೆ ಒಂದು ಹಿತ್ತಾಳೆ ತಟ್ಟೆ, ಒಂದು ಚೊಂಬು. ಚೊಂಬುಗಳಿಗೆಲ್ಲ ಸೌಂದರ್ಯಾ ನೀರು ತುಂಬಿದಳು. ಪಾಲಕರು ಬಂದರು. ಜರಿ ಸೀರೆ, ಶಲ್ಯ, ಮಲ್ಲಿಗೆ ಹೂವು. ವಾದ್ಯದ ಕ್ಯಾಸೆಟ್ಟು ಹಾಕಿದರು. ಮಕ್ಕಳು ಮಂಡಿಯೂರಿ ಕೂತರು.

"ಸೌಂದರ್ಯಾ, ನೀನು ಆ ಕಡೆ ಬಾಗಿಲ ಹತ್ರ ನಿಂತ್ಕೋ. ಚೊಂಬು ಖಾಲಿಯಾದ್ರೆ ಹಾಕು" ಎಂದರು ಚೂಡಾಮಣಿ ಮಿಸ್.

ಹುಡುಗಿ ಬಕೆಟ್ಟು ಹಿಡಿದು ಬಾಗಿಲ ಹತ್ತಿರ ನಿಂತಳು. ಯೂನಿಫಾರ್ಮಿನ ಲಂಗ ಮಂಡಿಯವರೆಗೆ ನೆನೆದಿತ್ತು. ಎರಡನೇ ಸಾಲಿನ ಮೈತ್ರೇಯಿ ತಿರುಗಿ ಅವಳನ್ನು ನೋಡಿದಳು. ಒಂದೇ ಬೆಂಚಿನವರು. ಅವಳ ಅಪ್ಪ ಬಂದಿರಲಿಲ್ಲ, ಅಮ್ಮನ ಪಕ್ಕದ ಕುರ್ಚಿ ಖಾಲಿಯಿತ್ತು.

ಮುನಿಯಕ್ಕ ಮಗಳನ್ನು ನೋಡಿದಳು. ತಾನು ಯಾವ ಬಾಗಿಲಲ್ಲಿ ನಿಂತಿದ್ದಳೋ ಅದೇ ಬಾಗಿಲಲ್ಲಿ ಮಗಳು ನಿಂತಿದ್ದಳು.  ಕೈಯಲ್ಲಿದ್ದ ನೆಲ ಒರೆಸುವ ಬಟ್ಟೆಯನ್ನು ಕಿಟಕಿಯ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲುಗಳ ನಡುವೆ ನಡೆದು ಆ ಖಾಲಿ ಕುರ್ಚಿಯ ಮೇಲೆ ಕೂತಳು.

ಮೈತ್ರೇಯಿಯ ಅಮ್ಮ ಸೀರೆ ಎಳೆದುಕೊಂಡು ಅತ್ತ ಸರಿದರು. "ಏನ್ರೀ ಇದು?" ಎಂದು ಯಾರೋ ಅಂದರು. ರಾಮಾನುಜ ವೇದಿಕೆಯಿಂದ ಬಗ್ಗಿ, ಹಲ್ಲು ಕಾಣುವಂತೆ ನಗುತ್ತ, ಮೆಲ್ಲಗೆ ಹೇಳಿದರು.

"ಮುನಿಯಕ್ಕ, ಏಳು. ಕಾರ್ಯಕ್ರಮ ನಡೀತಿದೆ."

"ಹತ್ನೇ ಕ್ಲಾಸ್ ಮಕ್ಕಳ ತಾಯ್ತಂದೆ ಕೂತ್ಕೊಳ್ಳಿ ಅಂದ್ರಲ್ಲ ಸಾ. ಕೂತಿದೀನಿ."

"ಏಳು ಅಂದೆ."

"ಏಳಕಿಲ್ಲ."

ಕ್ಯಾಸೆಟ್ಟನ್ನು ಯಾರೋ ನಿಲ್ಲಿಸಿದರು.  ಮುನಿಯಕ್ಕ ಬಾಗಿಲ ಕಡೆ ತಿರುಗಿ ಕೂಗಿದಳು.

"ಸೌಂದರ್ಯಾ, ಬಾರವ್ವ ಇಲ್ಲಿ. ಎಲ್ಲಾ ಮಕ್ಕಳೂ ತೊಳೀತಾವ್ರೆ. ನೀನೂ ತೊಳಿ."

ಹುಡುಗಿ ಹೆದರಿದ್ದಳು. ಮಿಸ್ಸಿನ ಮುಖ ನೋಡಿದಳು, ಹೆಡ್‌ಮಾಸ್ಟರ ಮುಖ ನೋಡಿದಳು. ಆಮೇಲೆ ಬಕೆಟ್ಟನ್ನು ಎತ್ತಿಕೊಂಡೇ ಬಂದಳು. ಅಮ್ಮನ ಮುಂದೆ ಮಂಡಿಯೂರಿದಳು. ಅಮ್ಮನ ಒಡೆದ ಹಿಮ್ಮಡಿ, ಹುಣ್ಣಾದ ಬೆರಳ ಸಂದಿ, ಕಪ್ಪುಗಟ್ಟಿದ ಉಗುರು. ತಟ್ಟೆಯೊಳಗೆ ಇಟ್ಟ ಆ ಕಾಲುಗಳ ಮೇಲೆ ನೀರು ಹಾಕಿದಳು. ಹುಣ್ಣಿಗೆ ನೀರು ತಾಕಿ ಮುನಿಯಕ್ಕ ಹಲ್ಲು ಕಚ್ಚಿದಳು.

"ಉರೀತಾ ಅಮ್ಮ?" ಎಂದಳು ಹುಡುಗಿ.

"ಉರೀಲಿ. ನೀ ತೊಳಿ."

ತೊಳೆದದ್ದಾಯಿತು. ಸೌಂದರ್ಯಾ ಲಂಗದ ಅಂಚಿನಿಂದ ಕಾಲು ಒರೆಸಿದಳು. ಮುನಿಯಕ್ಕ ಎದ್ದು ನಿಂತು ಶಿಕ್ಷಣಾಧಿಕಾರಿಯ ಕಡೆ ತಿರುಗಿದಳು.

"ಸ್ವಾಮಿ, ಪೂಜೆ ಮಾಡಿದ ಮಕ್ಕಳಿಗೆಲ್ಲ ಹಾಲ್ ಟಿಕೆಟ್ಟು ಕೊಡ್ತಾರಂತೆ. ನನ್ ಮಗಳ್ದು ಕೊಡ್ಸಿ."

"ಸಾರ್, ಆ ಹುಡುಗಿಗೆ ಅಟೆಂಡೆನ್ಸ್ ಇಲ್ಲ" ಎಂದು ರಾಮಾನುಜ ಮುಂದೆ ಬಂದರು. "ನಾನು ಆಮೇಲೆ ವಿವರವಾಗಿ ಹೇಳ್ತೀನಿ. ಈ ಹೆಂಗಸು ನಮ್ಮ ಆಯಾ. ಸ್ವಲ್ಪ ತಲೆ ಕೆಟ್ಟಿದೆ."

"ತಲೆ ಕೆಟ್ಟಿಲ್ಲ ಸ್ವಾಮಿ. ಹೆಗಲು ಕೆಟ್ಟದೆ. ಅದ್ಕೇ ನನ್ ಮಗಳ ಕೈಲಿ ನೀರ್ ಹೊರಿಸಿದ್ರು. ಕಕ್ಕಸಿಗೆ, ಕುಡಿಯೋಕೆ, ಇವ್ರ ಕೈ ತೊಳ್ಯೋಕೆ. ದಿನಾ ಇಸ್ಕೂಲ್ನಾಗೇ ಇದ್ಲು. ಈಗ ಇರ್ಲೇ ಇಲ್ಲ ಅಂತಾರೆ. ಅವ್ಳು ಇರ್ಲಿಲ್ಲ ಅಂದ್ರೆ ನೀರು ತಾನಾಗೇ ಮೆಟ್ಲು ಹತ್ತಿ ಬಂತಾ? ಈ ಮಕ್ಕಳ್ನೇ ಕೇಳಿ."

ನರಸಿಂಹಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಗಡಿಯಾರ ನೋಡಿಕೊಂಡರು. "ಇದನ್ನ ಆಮೇಲೆ ಆಫೀಸಲ್ಲಿ ಕೂತು ನೋಡೋಣ ತಾಯಿ" ಎಂದರು.

"ಆಮೇಲೆ ಅಂದ್ರೆ ಯಾವಾಗ? ಸೋಮವಾರ ಪರೀಕ್ಸೆ. ಆಮೇಲೆ ಅಂದ್ರೆ ನಂ ಮಕ್ಕಳ ಕೈಗೆ ಪೊರಕೆ ಬಂದಮೇಲಾ? ನೀವೂ ಅದನ್ನೇ ಅಂತೀರಾ ಸ್ವಾಮಿ?"

ನರಸಿಂಹಯ್ಯನವರ ಮುಖ ಕೆಂಪಾಯಿತು. ಮಕ್ಕಳ ಕಡೆ ತಿರುಗಿದರು. "ಏನ್ರಪ್ಪಾ, ಈ ಹುಡುಗಿ ದಿನಾ ಶಾಲೆಯಲ್ಲಿದ್ಲಾ?"

 ಅವಳು ಹೊತ್ತ ನೀರು ಕುಡಿದವರು, ಅವಳ ಪಕ್ಕ ಕೂತವರು, ಅವಳಿಂದ ಕನ್ನಡ ನೋಟ್ಸು ಇಸಿದುಕೊಂಡವರು. ಎಲ್ಲರೂ ತಟ್ಟೆಯೊಳಗಿನ ಹೂವು ನೋಡುತ್ತಿದ್ದರು. ಮೈತ್ರೇಯಿ ಬಾಯಿ ತೆರೆದಳು. ಅವಳ ಅಮ್ಮ ಅವಳ ಭುಜದ ಮೇಲೆ ಕೈಯಿಟ್ಟರು. ಬಾಯಿ ಮುಚ್ಚಿತು. ಥೂ, ದೊಡ್ಡವರ ಭಯ ಮಕ್ಕಳಿಗೆ ಎಷ್ಟು ಬೇಗ ಅಂಟುತ್ತದೆ!

"ನಾನು ಹೇಳ್ತೀನಿ ಸಾರ್" ಎಂದಳು ಸೌಂದರ್ಯಾ. ಮಂಡಿಯೂರಿದ್ದವಳು ಎದ್ದಳು.  "ಮೊದಲನೇ ಪೀರಿಯಡ್ ಗಣಿತ. ಆಗ ಹುಡುಗಿಯರ ಟಾಯ್ಲೆಟ್ಟಿಗೆ ನೀರು ಹಾಕ್ತಿದ್ದೆ. ಚೂಡಾಮಣಿ ಮಿಸ್ ಮೆಟ್ಟಿಲ ಮೇಲೆ ನನ್ನ ನೋಡ್ಕೊಂಡೇ ಕ್ಲಾಸಿಗೆ ಹೋಗ್ತಿದ್ರು. ಊಟದ ಬೆಲ್ಲಿಗೆ ಮುಂಚೆ ವಿಜ್ಞಾನ. ಆಗ ಡ್ರಮ್ ತುಂಬಿಸ್ತಿದ್ದೆ. ಊಟ ಆದ್ಮೇಲೆ ಸ್ಟಾಫ್ ರೂಮಿನ ಡಬ್ಬಿ ತೊಳೀತಿದ್ದೆ. ಮಿಸ್, ನೀವು ನನ್ನ ದತ್ತು ತಗೊಂಡಿದ್ರಿ. ನಾನು ಬಂದಿರ್ಲಿಲ್ಲ ಅಂತ ನೀವೇ ಹೇಳಿ ಮಿಸ್."

ಚೂಡಾಮಣಿ ಮಿಸ್ ಸೆರಗು ಸರಿಮಾಡಿಕೊಂಡರು. ಕಿಟಕಿಯ ಕಡೆ ನೋಡಿದರು.

"ಹುಡುಗಿ ಶಾಲೆಯಲ್ಲಿದ್ಲಾ, ಇಲ್ವಾ?" ಎಂದು ನರಸಿಂಹಯ್ಯ ಹೆಡ್‌ಮಾಸ್ಟರನ್ನು ಕೇಳಿದರು.

"ಇದ್ಲು ಸಾರ್. ಆದರೆ ಟೆಕ್ನಿಕಲ್ಲಾಗಿ…"

"ಇದ್ಲು ತಾನೆ? ಹಾಲ್ ಟಿಕೆಟ್ ಬಂದಿದೆ ತಾನೆ? ತರಿಸಿ ಇಲ್ಲಿ."

ಮರಿಯಣ್ಣ ಓಡಿದ. ಎಲ್ಲಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ರಾಮಾನುಜ ಆ ಹಾಲ್ ಟಿಕೆಟ್ಟನ್ನು ಎಲ್ಲರ ಎದುರು ಸೌಂದರ್ಯಾಳ ಕೈಗೆ ಕೊಟ್ಟು, ಅವಳ ತಲೆಯ ಮೇಲೆ ಕೈಯಿಟ್ಟರು. "ನಮ್ಮ ಮಗುವೇ ಸಾರ್. ಸಣ್ಣ ಗೊಂದಲ" ಎಂದರು. ಪಾಲಕರು ಚಪ್ಪಾಳೆ ತಟ್ಟಿದರು. ಅವರಿಗೆ ಚಪ್ಪಾಳೆ ತಟ್ಟಲು ಏನಾದರೂ ಆದೀತು.

ಶಿಕ್ಷಣಾಧಿಕಾರಿಯ ಜೀಪು ಹೋಯಿತು. ಪಾಲಕರು ಹೋದರು. ಸಭಾಂಗಣದ ತುಂಬ ನೀರು, ಅರಿಶಿನ, ತುಳಿದ ಹೂವು. ರಾಮಾನುಜರ ಮುಖ ಈಗ ಬೇರೆಯಾಗಿತ್ತು.

"ಮಾನ ಕಳೆದೆಯಲ್ಲೇ. ಉಂಡ ಮನೆಗೆ ಎರಡು ಬಗೆದೆ. ಇರಲಿ. ಮೊದಲು ಇದನ್ನೆಲ್ಲಾ ಒರೆಸು, ಆಮೇಲೆ ಮಾತಾಡೋಣ."

ಸೌಂದರ್ಯಾ ಅಭ್ಯಾಸಬಲದಿಂದ ಕಿಟಕಿಯ ಮೇಲಿನ ಬಟ್ಟೆಗೆ ಕೈಹಾಕಿದಳು. ಮುನಿಯಕ್ಕ ಅವಳ ಕೈಯಿಂದ ಅದನ್ನು ಕಿತ್ತುಕೊಂಡಳು.

"ಮುಟ್ಬೇಡ. ಇದು ಅವರವರ ಮಕ್ಕಳು ಚೆಲ್ಲಿರೋ ನೀರು. ಅವ್ರೇ ಬಳ್ಕೊಳ್ಲಿ."

"ನಾಳೆಯಿಂದ ಕೆಲಸಕ್ಕೆ ಬರಬೇಡ ಹಾಗಾದ್ರೆ!"

"ಬರಕಿಲ್ಲ ಸಾ. ಸೋಮವಾರ ಬತ್ತೀನಿ. ಮಗಳ್ನ ಪರೀಕ್ಸೆಗೆ ಬಿಡೋಕೆ."

ಪರೀಕ್ಷೆಗೆ ಆ ಶಾಲೆಯೇ ಸೆಂಟರು. ಕನ್ನಡ, ಇಂಗ್ಲಿಷು ಮುಗಿದವು. ಗಣಿತದ ದಿನ ಬಂತು. ಅದಕ್ಕೆ ಮುಂಚಿನ ಕೆಲವು ದಿನ ಸೌಂದರ್ಯಾ ಮಂಡಿಯ ಗದ್ದಲದ ನಡುವೆ ಕೂತು, ತನಗೆ ಹೇಳಿಕೊಡದ ಪಾಠಗಳನ್ನು ಒಬ್ಬಳೇ ಓದಿದಳು. ಕೆಲವು ತಲೆಗೆ ಹತ್ತಿದವು, ಹಲವು ಹತ್ತಲಿಲ್ಲ. ಓದುತ್ತ ಓದುತ್ತ ಪುಸ್ತಕವನ್ನು ಗೋಡೆಗೆ ಎಸೆದು ಅತ್ತಳು. ಮತ್ತೆ ತಾನೇ ಎದ್ದು ತಂದುಕೊಂಡಳು. ಮುನಿಯಕ್ಕ ನೋಡುತ್ತ ಕೂತಿದ್ದಳು. ಹಾಲ್ ಟಿಕೆಟ್ಟನ್ನು ಕಿತ್ತುಕೊಂಡು ತರಬಹುದು. ಕಳೆದುಹೋದ ಪಾಠವನ್ನು ಯಾರ ಕೈಯಿಂದ ಕಿತ್ತುಕೊಳ್ಳುವುದು? ತನ್ನ ತಲೆ ತಾನೇ ಚಚ್ಚಿಕೊಂಡಳು.

ಗಣಿತದ ದಿನ ಮಗಳು ಒಳಗೆ ಹೋದ ಮೇಲೆ ಮುನಿಯಕ್ಕ ಗೇಟಿನ ಎದುರು ಫುಟ್‌ಪಾತಿನಲ್ಲಿ ಬೇರೆ ಪಾಲಕರ ಜೊತೆ ಕೂತಳು. ಬೇರೆ ಶಾಲೆಯ ಹುಡುಗನೊಬ್ಬನ ತಾಯಿ ಅವಳ ಕಡೆ ತಿರುಗಿ, "ನಿಮಗೆ ಮಗನೋ ಮಗಳೋ?" ಎಂದು ಕೇಳಿದರು.

"ಮಗಳು" ಎಂದಳು ಮುನಿಯಕ್ಕ. ಆ 'ನಿಮಗೆ' ಅವಳ ಕಿವಿಯಲ್ಲಿ ಸ್ವಲ್ಪ ಹೊತ್ತು ಉಳಿಯಿತು.

ಪರೀಕ್ಷೆಯ ಅರ್ಧ ಹೊತ್ತು ಕಳೆದಿರಬೇಕು. ಮರಿಯಣ್ಣ ಗೇಟಿನ ಆಚೆ ಬಂದು ನಿಂತ. ಬೆವರುತ್ತಿದ್ದ.

"ಅಕ್ಕ, ಮೇಲಿನ ಕಕ್ಕಸು ಕಟ್ಕೊಂಡು ಹೊರಗೆ ಹರೀತಾ ಅದೆ. ಸ್ಕ್ವಾಡ್‌ನೋರು ಬಂದವ್ರೆ. ನಿನ್ ಜಾಗಕ್ಕೆ ಬಂದ ಹೊಸಬಳು ವಾಸ್ನೆ ನೋಡಿ ಓಡ್ಹೋದ್ಲು. ಒಂದ್ಸಲ ಬಂದು ಬಿಡಿಸಿಕೊಡು. ಹೆಡ್‌ಮಾಸ್ಟ್ರೇ ಹೇಳ್ಕಳ್ಸವ್ರೆ. ಕೆಲಸ ವಾಪಸ್ ಕೊಡ್ತಾರಂತೆ."

ಮನೆಯಲ್ಲಿ ಅಕ್ಕಿ ತಳ ಕಂಡಿತ್ತು. ಕೆಲಸ ಇನ್ನೂ ಎಲ್ಲೂ ಸಿಕ್ಕಿರಲಿಲ್ಲ.  ಮುನಿಯಕ್ಕ ಏಳಲು ಕಾಲೂರಿದಳು. ಎಷ್ಟೋ ವರ್ಷದ ಮೈ ಅದು, ಕರೆದ ಕೂಡಲೇ ಏಳುತ್ತದೆ. ಆಮೇಲೆ ಮತ್ತೆ ಕೂತಳು.

"ನಾನು ಮಗಳ್ನ ಕಾಯ್ತಾ ಕೂತಿದೀನಿ ಮರಿಯಣ್ಣ. ಬರಕಾಗಲ್ಲ ಅಂತ ಯೋಳು."

"ಅಕ್ಕ, ಯೋಚ್ನೆ ಮಾಡು."

"ಮಾಡ್ದೆ. ಯೋಳೋಗು."

ಮರಿಯಣ್ಣ ಹೋದ. ಪಕ್ಕದ ಹೆಂಗಸು ಏನೂ ಕೇಳದೆ ಚೀಲದಿಂದ ನೀರಿನ ಬಾಟಲಿ ತೆಗೆದು ಅವಳಿಗೆ ಕೊಟ್ಟರು. ಮುನಿಯಕ್ಕ ಕುಡಿದಳು.

ಬೆಲ್ಲಾಯಿತು. ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೆ ಬಂದರು. ಸೌಂದರ್ಯಾ ಕೊನೆಗೆ ಬಂದಳು. ಬೆರಳಿಗೆಲ್ಲ ಇಂಕು. ಮುಖ ಬಾಡಿತ್ತು.

"ಹೆಂಗಾಯ್ತವ್ವ?"

"ನೀರು ಹೊತ್ತ ದಿನಗಳ ಪಾಠದ್ದು ಒಂದೂ ಬರ್ಲಿಲ್ಲಮ್ಮ. ಮಿಕ್ಕಿದ್ದು ಬರ್ದಿದೀನಿ. ಪೇಪರ್ ಸುಮ್ನೆ ಖಾಲಿ ಬಿಡ್ಲಿಲ್ಲ." ಹುಡುಗಿ ಇಂಕಿನ ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. "ಫೇಲಾಗ್ತೀನಿ ಅನ್ಸುತ್ತೆ. ನನ್ನಿಂದ ಸ್ಕೂಲಿನ ರಿಸಲ್ಟ್ ಹಾಳಾಗತ್ತೆ ಅಂತ ವರಾಂಡದಲ್ಲೇ ಚೂಡಾಮಣಿ ಮಿಸ್ ಅಂದ್ರು."

ಮುನಿಯಕ್ಕ ಮಗಳ ಗಲ್ಲ ಹಿಡಿದು ಮುಖ ಎತ್ತಿದಳು.

"ಆಗ್ಲಿ. ಫೇಲಾದ್ರೆ ಅವ್ರ ಇಸ್ಕೂಲಿನ ಹೆಸರ್ನಾಗೇ ಫೇಲಾಗು. ನೀನು ಅಲ್ಲೇ ಇದ್ದೆ ಅಂತ ಅವ್ರೇ ಬರ್ಕೊಳ್ಲಿ. ಸೆಪ್ಟೆಂಬರ್ನಾಗೆ ಮತ್ತೆ ಕಟ್ಟು. ಆಗ್ಲೂ ಇದೇ ಗೇಟಿಂದ ಒಳಕ್ಕೆ ಓಗು."

ಹುಡುಗಿ ಕಣ್ಣೊರೆಸಿಕೊಂಡಳು. ನಾಳೆ ವಿಜ್ಞಾನ ಎಂದಳು. ಇಬ್ಬರೂ ಕಲಾಸಿಪಾಳ್ಯದ ಕಡೆ ನಡೆದರು.